ಮಳೆಗಾಲದಲ್ಲಿ ಗೇಮ್ ಆಡುವವರು ಸೇವ್ ಫೈಲ್ ಜೋಪಾನ

ಕಕ್ಕಡದ (ಕೊಡಗಿನ ಜೋರು ಮಳೆಯ ತಿಂಗಳು) ಮಳೆ ಶುರುವಾದರೆ ನಮ್ಮ ಮಡಿಕೇರಿ ಕಡೆ ಕರೆಂಟಿನ ಕತೆ ಗೊತ್ತಲ್ವಾ? ಎಲ್ಲೋ ತೋಟದಲ್ಲಿ ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬಿದ್ದರೆ ಸಾಕು. ಹೋದ ವರ್ಷ ಸ್ಟಾರ್ಡ್ಯೂ ವ್ಯಾಲಿ ಅನ್ನೋ ಬೇಸಾಯದ ಗೇಮ್ ಸೇವ್ ಆಗುತ್ತಿರುವಾಗಲೇ ಡೆಸ್ಕ್‌ಟಾಪ್ ಆಫ್ ಆಯಿತು. ಮತ್ತೆ ತೆರೆದರೆ ನನ್ನ ಹೊಲ ಪಟ್ಟಿಯಲ್ಲೇ ಇಲ್ಲ!

ಆಟ ಎಲ್ಲಿಗೆ ಬಂತು ಅಂತ ಉಳಿಸಿಡುವ ಸೇವ್ ಫೈಲ್ ಅರ್ಧ ಬರೆದಾಗ ಕರೆಂಟ್ ಹೋದರೆ ಹೀಗೆ ಕೆಡುತ್ತದೆ. ಪುಣ್ಯಕ್ಕೆ ಆ ಗೇಮ್ ಸೇವ್ ಫೋಲ್ಡರಿನಲ್ಲೇ ಹೆಸರಿನ ಕೊನೆಗೆ '_old' ಅಂತ ಇರುವ ಹಿಂದಿನ ಪ್ರತಿ ಇಟ್ಟಿರುತ್ತದೆ. ಮೊದಲು ಇಡೀ ಫೋಲ್ಡರನ್ನು ಬೇರೆ ಕಡೆ ಕಾಪಿ ಮಾಡಿಕೊಂಡೆ. ಆಮೇಲೆ ಕೆಟ್ಟ ಎರಡು ಫೈಲ್ ತೆಗೆದು, ಹಳೆಯವುಗಳ ಹೆಸರಿನಿಂದ ಆ ಬಾಲ ಅಳಿಸಿದೆ. ಒಂದು ದಿನದ ಆಟ ಮಾತ್ರ ಹೋಯಿತು.

ಈಗ ವಾರಕ್ಕೊಮ್ಮೆ ಆ ಫೋಲ್ಡರನ್ನು ತಾರೀಕು ಹಾಕಿ ಪೆನ್‌ಡ್ರೈವ್‌ಗೆ ಹಾಕುತ್ತೇನೆ, ಗೇಮ್ ಮುಚ್ಚಿದ ಮೇಲೆ. ಸ್ಲಾಟ್ (ಸೇವ್ ಇಡಲು ಬೇರೆ ಬೇರೆ ಜಾಗ) ಇರುವ ಗೇಮ್‌ಗಳಲ್ಲಿ ಎರಡು ಮೂರು ಸ್ಲಾಟ್ ಬದಲಿಸಿ ಸೇವ್ ಮಾಡಿ. ಚಿಕ್ಕ ಯುಪಿಎಸ್ ಇದ್ದರಂತೂ ಜಾಸ್ತಿ ನೆಮ್ಮದಿ.

ನೆಟ್‌ನಲ್ಲಿ ಸೇವ್ ಪ್ರತಿ ಇಡುವ ಕ್ಲೌಡ್ ಇದೆಯಲ್ಲ ಅಂತ ಸುಮ್ನೆ ಕೂರಬೇಡಿ. ಕೆಟ್ಟ ಫೈಲೂ ಕ್ಲೌಡಿಗೆ ಹೋಗುತ್ತದೆ. ನೆಟ್ ಬಂದಾಗ 'ಯಾವುದು ಬೇಕು' ಅಂತ ಸ್ಟೀಮ್ (ಗೇಮ್ ಕೊಂಡು ಆಡುವ ಆ್ಯಪ್) ಕೇಳಿದರೆ, ಕಂಪ್ಯೂಟರಿನ ಪ್ರತಿ, ಕ್ಲೌಡಿನ ಪ್ರತಿ ಎರಡರ ಸಮಯ ನೋಡಿಯೇ ಒತ್ತಿ.