ಮಡಕೆಯೊಳಗೆ ಮಡಕೆ: ಕರೆಂಟಿಲ್ಲದೆ ತರಕಾರಿ ಬಾಡದಂತೆ ಇಡುವುದು ಹೇಗೆ?

ರಾಯಚೂರು, ಕಲಬುರಗಿ, ಬಳ್ಳಾರಿ ಕಡೆಯ ಏಪ್ರಿಲ್ ಬಿಸಿಲಿಗೆ ಬೆಳಿಗ್ಗೆ ಸಂತೆಯಿಂದ ತಂದ ಮೆಂತ್ಯ ಸೊಪ್ಪು ಸಂಜೆಯೊಳಗೆ ಸೊರಗುತ್ತದೆ. ಅದನ್ನು ಸೊರಗಿಸುವ ಒಣಗಾಳಿಯನ್ನೇ ಬಳಸಿಕೊಂಡು ತರಕಾರಿಯನ್ನು ತಂಪಾಗಿಡಬಹುದು. ಬೇಕಾಗುವುದು ಎರಡು ಮಣ್ಣಿನ ಮಡಕೆ, ಮರಳು, ನೀರು. ಹರವಿಯ ನೀರು ತಣ್ಣಗಾಗುವುದು ಯಾವ ಕಾರಣಕ್ಕೋ ಇಲ್ಲೂ ಅದೇ ಕಾರಣ: ಮಡಕೆಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಮಡಕೆಯ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಉತ್ತರ ನೈಜೀರಿಯಾದ ಶಿಕ್ಷಕ ಮೊಹಮ್ಮದ್ ಬಾ ಅಬ್ಬಾ 1990ರ ದಶಕದಲ್ಲಿ ಕರೆಂಟಿಲ್ಲದ ಹಳ್ಳಿಗಳಿಗೆ ಇಂಥ ಜೋಡಿ ಮಡಕೆಗಳನ್ನು ಹಂಚಿದ್ದರು. ಅದೂ ಒಣಹವೆಯ ನಾಡೇ.

ಮೊದಲು ಗಾಳಿಯನ್ನು ಅಳೆಯಿರಿ

ಮಡಕೆ ಕೊಳ್ಳುವ ಮುಂಚೆ ಈ ಪರೀಕ್ಷೆ ಮಾಡಿದರೆ ಹಣ ಉಳಿಯುತ್ತದೆ. ಕೋಣೆಯ ಉಷ್ಣತೆ ತೋರಿಸುವ ಎರಡು ಥರ್ಮಾಮೀಟರ್‌ಗಳನ್ನು (ಜ್ವರ ನೋಡುವುದು ಆಗುವುದಿಲ್ಲ) ನೆರಳಿನಲ್ಲಿ ಅಕ್ಕಪಕ್ಕ ತೂಗುಹಾಕಿ. ಒಂದರ ಬುರುಡೆಗೆ ಒದ್ದೆ ಹತ್ತಿಬಟ್ಟೆ ಸುತ್ತಿ, ಬೀಸಣಿಗೆಯಿಂದ ಐದು ನಿಮಿಷ ಗಾಳಿ ಹಾಕಿ. ಎರಡರ ನಡುವೆ 10 ಡಿಗ್ರಿ ಅಥವಾ ಹೆಚ್ಚು ಅಂತರ ಬಂದರೆ ಧಾರಾಳವಾಗಿ ಮಾಡಿ. 5ಕ್ಕಿಂತ ಕಡಿಮೆಯಾದರೆ ಬೇಡ.

ಲೆಕ್ಕ ಹೀಗಿದೆ. ಉಷ್ಣತೆ 40 ಡಿಗ್ರಿ, ತೇವಾಂಶ ಶೇ 20 ಇದ್ದಾಗ ಒದ್ದೆ ಬಟ್ಟೆಯ ಥರ್ಮಾಮೀಟರ್ 22–23ರವರೆಗೆ ಇಳಿಯುತ್ತದೆ. ಮಂಗಳೂರಿನಂಥ ಊರಲ್ಲಿ 33 ಡಿಗ್ರಿ, ಶೇ 75 ತೇವಾಂಶ ಇದ್ದರೆ ಅದು 29ಕ್ಕೇ ನಿಲ್ಲುತ್ತದೆ. ಮಡಕೆ ಈ ಮಟ್ಟಕ್ಕಿಂತ ಕೆಳಗೆ ಹೋಗುವುದಿಲ್ಲ, ಒಂದೆರಡು ಡಿಗ್ರಿ ಮೇಲೆಯೇ ಉಳಿಯುತ್ತದೆ. ಕರಾವಳಿಯವರು ಇದರ ಗೋಜಿಗೆ ಹೋಗದಿರುವುದೇ ಲೇಸು. ಸೌತೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದಡಿ ತೂಗುಹಾಕುವುದು, ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುವುದು ಆ ಹವೆಗೆ ಹೊಂದುವ ಉಪಾಯಗಳು. ಬೆಂಗಳೂರು, ಮೈಸೂರಿನಲ್ಲಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ತಕ್ಕಮಟ್ಟಿಗೆ ನಡೆಯುತ್ತದೆ.

ಮಡಕೆ ಆರಿಸುವುದು

ಕತ್ತು ಕಿರಿದಾದ ನೀರಿನ ಮಡಕೆಯೊಳಗೆ ಇನ್ನೊಂದು ಮಡಕೆ ಇಳಿಯುವುದಿಲ್ಲ. ಹೂಕುಂಡದಂತೆ ಬಾಯಿ ಅಗಲವಾದವೇ ಬೇಕು. ಹೊರಗಿನದು ಬಾಯಿ 40 ಸೆಂ.ಮೀ., ಎತ್ತರ 38 ಸೆಂ.ಮೀ. ಇರಲಿ. ಒಳಗಿನದು ಬಾಯಿ 30, ಎತ್ತರ 32 ಸೆಂ.ಮೀ. ಆದರೆ ಸುತ್ತಲೂ 4–5 ಸೆಂ.ಮೀ. ಸಂದು ಸಿಗುತ್ತದೆ. ಸಂದು ತೀರಾ ಕಡಿಮೆಯಾದರೆ ಮರಳಿನಲ್ಲಿ ನೀರು ನಿಲ್ಲುವುದಿಲ್ಲ, ಹೆಚ್ಚಾದರೆ ತಂಪು ಒಳಗೆ ಮುಟ್ಟಲು ತಡವಾಗುತ್ತದೆ.

ಕುಂಬಾರರ ಬಳಿ ಕೊಳ್ಳುವಾಗ ಹೊರಗಿನ ಮಡಕೆಯ ಮೈಮೇಲೆ ನಾಲ್ಕು ಹನಿ ನೀರು ಬಿಟ್ಟು ನೋಡಿ. ಹನಿ ಕೂಡಲೇ ಇಂಗಿ ಕಪ್ಪು ಕಲೆಯಾದರೆ ಒಳ್ಳೆಯದು. ಮುತ್ತಿನಂತೆ ಜಾರಿದರೆ ಬಣ್ಣವೋ ಮೆರುಗೋ ಬಳಿದಿದ್ದಾರೆ, ಅದು ಬೆವರುವುದಿಲ್ಲ. ನರ್ಸರಿಯ ಸಿಮೆಂಟ್ ಕುಂಡವೂ ಬೇಡ. ಒಳಗಿನ ಮಡಕೆಗೆ ಮಾತ್ರ ಮೆರುಗಿದ್ದರೂ ನಡೆಯುತ್ತದೆ, ತೇವ ಒಳಗೆ ಜಿನುಗುವುದು ತಪ್ಪುತ್ತದೆ. ತಳದಲ್ಲಿ ತೂತಿದ್ದರೆ ಜೇಡಿಮಣ್ಣಿನಿಂದ ಒತ್ತಿ ಮುಚ್ಚಿ.

ಕಟ್ಟುವ ಕ್ರಮ

ಎರಡೂ ಮಡಕೆಗಳನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ. ಮರಳು ಸುಮಾರು 30 ಕೆ.ಜಿ. ಬೇಕು. ಈಗ ಎಲ್ಲೆಡೆ ಸಿಗುವ ಎಂ-ಸ್ಯಾಂಡ್ ಆದೀತು, ಆದರೆ ಅದರಲ್ಲಿ ಕಲ್ಲಿನ ಪುಡಿ ಬಹಳ. ಜರಡಿ ಹಿಡಿದು, ನೀರು ತಿಳಿಯಾಗುವವರೆಗೆ ತೊಳೆಯದಿದ್ದರೆ ಪುಡಿ ಗಟ್ಟಿಯಾಗಿ ಕೂತು ನೀರು ಕೆಳಗಿಳಿಯುವುದಿಲ್ಲ. ಹೊರಮಡಕೆಯ ಮೇಲರ್ಧ ಒಣಗಿದಂತೆ ತಿಳಿಬಣ್ಣ, ಕೆಳಗೆ ಮಾತ್ರ ಗಾಢ ಬಣ್ಣ ಕಂಡರೆ ನೀರು ಸರಿಯಾಗಿ ಹರಡುತ್ತಿಲ್ಲ ಎಂದೇ ಅರ್ಥ.

ಎಲ್ಲ ಸೇರಿ 50 ಕೆ.ಜಿ. ದಾಟುವುದರಿಂದ ಇಡುವ ಜಾಗದಲ್ಲೇ ಕಟ್ಟಿ. ಮೂರು ಇಟ್ಟಿಗೆಯ ಮೇಲೆ ಹೊರಮಡಕೆ ಕೂರಿಸಿದರೆ ತಳಕ್ಕೂ ಗಾಳಿಯಾಡುತ್ತದೆ. ಒಳಗೆ 6–7 ಸೆಂ.ಮೀ. ಮರಳು ಹಾಸಿ, ನೀರು ಚಿಮುಕಿಸಿ ತಟ್ಟಿ. ಒಳಮಡಕೆಯ ಅಂಚು ಹೊರಗಿನದಕ್ಕೆ ಸಮವಾಗಿ, ಅಥವಾ ಒಂದು ಬೆರಳು ಮೇಲಿರಲಿ. ಇಲ್ಲವಾದರೆ ನೀರು ಹಾಕಿದಾಗಲೆಲ್ಲ ಮರಳು ಒಳಗೆ ಬೀಳುತ್ತದೆ. ಸಂದಿಗೆ ಹಿಡಿಹಿಡಿಯಾಗಿ ಮರಳು ತುಂಬುತ್ತ ಕೋಲಿನಿಂದ ಕುಕ್ಕುತ್ತ ಬನ್ನಿ, ಮೇಲೆ 3 ಸೆಂ.ಮೀ. ಬಿಡಿ.

ನೀರು ಹಾಕುವ ಮುನ್ನ ಒಳಮಡಕೆಯಲ್ಲಿ ರುಬ್ಬುಗುಂಡನ್ನೋ ಭಾರದ ಕಲ್ಲನ್ನೋ ಇಡಿ. ಮರಳು ಪೂರ್ತಿ ನೆನೆದಾಗ ಖಾಲಿ ಮಡಕೆ ಮೇಲಕ್ಕೆ ತೇಲಿಬರುವುದುಂಟು. ಆರೇಳು ಲೀಟರ್ ನೀರನ್ನು ನಿಧಾನವಾಗಿ, ಮರಳು ಕುಡಿದಷ್ಟೂ ಹಾಕಿ. ಒಳಗಡೆ ತಳಕ್ಕೆ ಸಿಂಬಿ ಅಥವಾ ಸಣ್ಣ ಸ್ಟ್ಯಾಂಡ್ ಇಟ್ಟು, ಬಾಯಿಗೆ ನಾಲ್ಕು ಪದರವಾಗಿ ಮಡಿಸಿದ ಒದ್ದೆ ಗೋಣಿತಟ್ಟು ಮುಚ್ಚಿ. ತರಕಾರಿ ಮರುದಿನ ಹಾಕಿ. ಬೇಸಿಗೆಯಲ್ಲಿ ಬೆಳಿಗ್ಗೆ, ಸಂಜೆ ಒಂದೊಂದು ಲೀಟರ್ ನೀರು ಕೇಳುತ್ತದೆ.

ಜಾಗ ತಪ್ಪಿದರೆ ಇಷ್ಟೂ ಶ್ರಮ ವ್ಯರ್ಥ. ಒಲೆಯ ಹತ್ತಿರ ಬೇಡವೆಂದು ಎಲ್ಲರಿಗೂ ಗೊತ್ತು. ತಂಪಾಗಿದೆಯೆಂದು ಕಿಟಕಿಯಿಲ್ಲದ ಉಗ್ರಾಣದಲ್ಲಿಡುವುದೂ ಅಷ್ಟೇ ತಪ್ಪು. ಅಲ್ಲಿನ ಗಾಳಿ ಬೇಗ ತೇವದಿಂದ ತುಂಬಿ ನೀರು ಆವಿಯಾಗುವುದೇ ನಿಲ್ಲುತ್ತದೆ. ಬಿಸಿಲು ಬೀಳದ, ಗಾಳಿ ಹಾಯುವ ಪಡಸಾಲೆ ಒಳ್ಳೆಯದು.

ಏನು ಇಡಬಹುದು, ಏನು ಬೇಡ

ಕ್ಯಾರೆಟ್, ಬೀಟ್‌ರೂಟ್, ಬದನೆ, ಬೀನ್ಸ್, ಸೊಪ್ಪು ಇಡಬಹುದು. ಸೊಪ್ಪಿನ ಕಟ್ಟು ಬಿಚ್ಚಿ ಮಣ್ಣು ಕೊಡವಿ, ತೊಳೆಯದೆ ತೆಳು ಒದ್ದೆ ಬಟ್ಟೆಯಲ್ಲಿ ಸುತ್ತಿ. ಹಣ್ಣಾದ ಟೊಮೆಟೊ, ಬಾಳೆಹಣ್ಣು ಜೊತೆಗಿದ್ದರೆ ಅವು ಬಿಡುವ ಎಥಿಲೀನ್‌ನಿಂದ ಸೊಪ್ಪು ಬೇಗ ಹಳದಿಯಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಒಣಜಾಗದಲ್ಲೇ ಇರಲಿ. ತೇವಕ್ಕೆ ಮೊಳೆಯುತ್ತವೆ, ಕೊಳೆಯುತ್ತವೆ.

ಮಾಂಸ, ಮೀನು, ಮಿಕ್ಕ ಅನ್ನ ಸಾರುಗಳನ್ನು ಇದರಲ್ಲಿ ಇಡಲೇಬೇಡಿ. 25 ಡಿಗ್ರಿ ನಮ್ಮ ಕೈಗೆ ತಣ್ಣಗೆ ತಾಕಿದರೂ ಬ್ಯಾಕ್ಟೀರಿಯಾಕ್ಕೆ ಅದು ಹಿತವಾದ ಹವೆ. ಹಾಲನ್ನು ಎರಡು ಹೊತ್ತು ಕಾಯಿಸಿ, ಸಂಜೆ ಉಳಿದದ್ದಕ್ಕೆ ಹೆಪ್ಪು ಹಾಕಿಬಿಡಿ: ಬೆರಳಿಗೆ ಹಿತವಾದ ಬಿಸಿಯ ಅರ್ಧ ಲೀಟರ್ ಹಾಲಿಗೆ ಬೇಸಿಗೆಯಲ್ಲಿ ಅರ್ಧ ಟೀ ಚಮಚ ಸಾಕು. ಬೆಳಿಗ್ಗೆ ಆ ಮೊಸರನ್ನು ಒಳಮಡಕೆಗೆ ಇಳಿಸಿದರೆ ಮಧ್ಯಾಹ್ನದೂಟಕ್ಕೆ ಅಷ್ಟಾಗಿ ಹುಳಿಯಾಗಿರುವುದಿಲ್ಲ. ದೋಸೆಹಿಟ್ಟೂ ಹಾಗೆಯೇ, ಒಂದು ಹೊತ್ತು ಹೆಚ್ಚು ಬರುತ್ತದೆ, ವಾರಗಟ್ಟಲೆ ಅಲ್ಲ.

ನಿರ್ವಹಣೆ

ಬೋರ್‌ವೆಲ್ ನೀರಾದರೆ ಹೊರಮೈ ಮೇಲೆ ಬಿಳಿ ಉಪ್ಪು ಕಟ್ಟಿ ರಂಧ್ರ ಮುಚ್ಚುತ್ತದೆ. ಆಗಾಗ ತೆಂಗಿನ ನಾರಿನಿಂದ ಉಜ್ಜಿ; ಸೋಪು ಬೇಡ, ಮಡಕೆ ಹೀರಿಕೊಳ್ಳುತ್ತದೆ. ಮುಗ್ಗಲು ವಾಸನೆ ಬಂದರೆ ಒಳಗಿನದನ್ನೆಲ್ಲ ತೆಗೆದು ಒರೆಸಿ, ಒಂದು ದಿನ ಬಾಯಿ ತೆರೆದಿಡಿ. ತಳದಲ್ಲಿ ತಟ್ಟೆ ಇಟ್ಟಿದ್ದರೆ ಅದರಲ್ಲಿ ನಿಂತ ನೀರನ್ನು ಎರಡು ಮೂರು ದಿನಕ್ಕೊಮ್ಮೆ ಚೆಲ್ಲಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂಥ ಶುದ್ಧ ನೀರಿನಲ್ಲೇ. ಮುಂಗಾರು ಹಿಡಿಯುತ್ತಿದ್ದಂತೆ ಮರಳು ತೆಗೆದು ಮಡಕೆಗಳನ್ನು ಚೆನ್ನಾಗಿ ಒಣಗಿಸಿ ಬೋರಲು ಹಾಕಿ. ಮರಳನ್ನು ಬಿಸಿಲಿಗೆ ಹರಡಿ ಒಣಗಿಸಿ ಚೀಲಕ್ಕೆ ತುಂಬಿದರೆ ಮುಂದಿನ ಬೇಸಿಗೆಗೂ ಅದೇ ಆಗುತ್ತದೆ.