ಮೆಕ್ಸ್ಟ್ ಸ್ಕಾಲರ್‌ಶಿಪ್ ಮೇಲೆ ಜಪಾನಿಗೆ ಬರುತ್ತಿದ್ದೀರಾ? ಮೊದಲು ಇದನ್ನು ಓದಿ

ಜಪಾನ್ ಸರ್ಕಾರದ ಮೆಕ್ಸ್ಟ್ ಸ್ಕಾಲರ್‌ಶಿಪ್ ಸಿಕ್ಕಿದರೆ ವಿಮಾನದ ಟಿಕೆಟ್ಟು, ಯೂನಿವರ್ಸಿಟಿ ಫೀಸು ಎರಡರ ಚಿಂತೆಯೂ ಇಲ್ಲ. ತಿಂಗಳ ಖರ್ಚಿಗೂ ದುಡ್ಡು ಕೊಡುತ್ತಾರೆ. 2024ರ ಲೆಕ್ಕದಲ್ಲಿ ಮಾಸ್ಟರ್ಸ್‌ಗೆ 1,44,000 ಯೆನ್, ಪಿಎಚ್‌ಡಿಗೆ 1,45,000. ಹಾಸ್ಟೆಲಿನಲ್ಲಿದ್ದು ಅಡುಗೆ ಮಾಡಿಕೊಂಡರೆ ಒಬ್ಬರಿಗೆ ಸಾಕು. ಟೋಕಿಯೊದಲ್ಲಿ ಬೇರೆ ಮನೆ ಹಿಡಿದರೆ ಕೈ ಬಿಗಿ.

ಆದರೆ ಬಂದಿಳಿದ ಕೂಡಲೇ ದುಡ್ಡು ಬರುವುದಿಲ್ಲ. ಮೊದಲ ಕಂತಿಗೆ ಒಂದು, ಒಂದೂವರೆ ತಿಂಗಳು ಕಾಯಬೇಕಾಗಬಹುದು. ಸುಮಾರು 2,000 ಡಾಲರ್ ಜೊತೆಗೆ ತನ್ನಿ ಅಂತ ಅರ್ಜಿಯ ಸೂಚನೆಯಲ್ಲೇ ಇರುತ್ತದೆ, ಓದುವವರು ಕಡಿಮೆ. ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕಿದೆಯಲ್ಲ ಅಂದುಕೊಂಡು ಮನೆಯಲ್ಲಿ ಈ ದುಡ್ಡು ಕೇಳಲು ಸಂಕೋಚ ಪಡಬೇಡಿ. ಬಾಡಿಗೆ ಮನೆಗೆ ಅಡ್ವಾನ್ಸಿನ ಜೊತೆ ಕೆಲವು ಕಡೆ 'ರೇಕಿನ್' ಅಂತ ಕೇಳುತ್ತಾರೆ. ಅದು ವಾಪಸ್ ಬರುವ ದುಡ್ಡಲ್ಲ.

ದೊಡ್ಡ ಏರ್‌ಪೋರ್ಟುಗಳಲ್ಲಿ ರೆಸಿಡೆನ್ಸ್ ಕಾರ್ಡ್ (ಜಪಾನಿನಲ್ಲಿ ನೆಲೆಸುವ ವಿದೇಶಿಯರ ಗುರುತಿನ ಚೀಟಿ) ಅಲ್ಲೇ ಕೈಗೆ ಸಿಗುತ್ತದೆ. ಮನೆ ಸೇರಿದ 14 ದಿನದೊಳಗೆ ವಾರ್ಡ್ ಆಫೀಸಿಗೆ ಹೋಗಿ ವಿಳಾಸ ಬರೆಸಿ. ಅದೇ ದಿನ ಆರೋಗ್ಯ ವಿಮೆಯನ್ನೂ ಮಾಡಿಸಿಬಿಡಿ, ಆಸ್ಪತ್ರೆ ಬಿಲ್ಲಿನಲ್ಲಿ ನಿಮ್ಮ ಪಾಲು 30% ಮಾತ್ರ. ವಯಸ್ಸು 20 ದಾಟಿದ್ದರೆ ಪಿಂಚಣಿಗೆ ನೀವು ಕಟ್ಟಬೇಕಾದ ಕಂತಿನ ಚೀಟಿ ಮನೆಗೇ ಬರುತ್ತದೆ. ಗಾಬರಿಯಾಗಬೇಡಿ. ವಿದ್ಯಾರ್ಥಿಗಳಿಗೆ ಕಂತು ಮುಂದೂಡುವ ಅರ್ಜಿ ಇದೆ, ವಾರ್ಡ್ ಆಫೀಸಿನಲ್ಲೇ ಕೇಳಿ ತುಂಬಿಕೊಡಿ.

ನಮ್ಮವರ ದೊಡ್ಡ ತಲೆನೋವು ಹೆಸರು. ಊರು, ಅಪ್ಪನ ಹೆಸರು, ನಮ್ಮ ಹೆಸರು, ಎಲ್ಲ ಸೇರಿ ಪಾಸ್‌ಪೋರ್ಟಿನಲ್ಲಿ ಉದ್ದಕ್ಕೆ ಇರುತ್ತದಲ್ಲ, ಅದನ್ನು ಇಲ್ಲಿ ವಿದೇಶಿ ಹೆಸರುಗಳಿಗೆ ಬಳಸುವ ಜಪಾನಿ ಲಿಪಿ ಕತಕಾನಾದಲ್ಲೂ ಬರೆಯಬೇಕು. ಮೊದಲೇ ಒಂದು ರೂಪ ಗಟ್ಟಿ ಮಾಡಿಕೊಂಡು ಫೋನಿನಲ್ಲಿ ಫೋಟೊ ಇಟ್ಟುಕೊಳ್ಳಿ. ಬ್ಯಾಂಕಿನಲ್ಲಿ ಒಂದು ತರಹ, ಸಿಮ್ಮಿಗೆ ಇನ್ನೊಂದು ತರಹ ಬರೆದರೆ ಆಮೇಲೆ ಸುಮ್ನೆ ಓಡಾಟ.

ಇನ್ನು ಸಹಿ. ಪ್ರತಿ ತಿಂಗಳು ಯೂನಿವರ್ಸಿಟಿ ಆಫೀಸಿಗೆ ಖುದ್ದಾಗಿ ಹೋಗಿ ಸಹಿ ಹಾಕಬೇಕು. ತಪ್ಪಿದರೆ ಆ ತಿಂಗಳ ದುಡ್ಡಿಲ್ಲ. ಗೆಳೆಯನ ಕೈಲಿ ಹಾಕಿಸುವ ಯೋಚನೆಯನ್ನಂತೂ ಮಾಡಲೇಬೇಡಿ. ದೀಪಾವಳಿಗೆ ಊರಿಗೆ ಹೋಗುವುದಿದ್ದರೆ ಸಹಿಯ ದಿನ ನೋಡಿಕೊಂಡು ಟಿಕೆಟ್ ಮಾಡಿ.

ಸಸ್ಯಾಹಾರಿಗಳು ಹುಷಾರು, ಮಿಸೊ (ಹುದುಗಿಸಿದ ಸೋಯಾ ಪೇಸ್ಟ್) ಸೂಪಿಗೂ ಸಾಮಾನ್ಯವಾಗಿ ಮೀನಿನ ರಸ ಹಾಕುತ್ತಾರೆ. ಬೇಳೆ, ಮಸಾಲೆ ಟೋಕಿಯೊದ ಶಿನ್-ಒಕುಬೊ, ನಿಶಿ-ಕಸಾಯ್ ಕಡೆ ಸಿಗುತ್ತವೆ. ಅಮ್ಮ ಮಾಡಿದ ಸಾರಿನ ಪುಡಿಗೆ ಸೂಟ್‌ಕೇಸಿನಲ್ಲಿ ಜಾಗ ಇಡಿ. ಹಸಿ ಕರಿಬೇವು ಮಾತ್ರ ಬೇಡ, ಸರ್ಟಿಫಿಕೇಟ್ ಇಲ್ಲದೆ ಏರ್‌ಪೋರ್ಟಿನಿಂದ ಆಚೆ ಬಿಡುವುದಿಲ್ಲ.