ಗರಿಕೆ ಒಣಗಿಸಿ ಬೇಸಿಗೆ ದಾಟಿಸಿದೆ

ಈ ಸಲದ ಬೇಸಿಗೆಯೂ ದಾಟಿತು. ನನ್ನ ಎರಡು ಕುದುರೆಗಳ ಪಕ್ಕೆಲುಬು ಕಾಣಲಿಲ್ಲ, ಒಂದು ದಿನವೂ ಹೊಟ್ಟೆನೋವು ಬರಲಿಲ್ಲ. "ಗರಿಕೆ ಒಣಗಿಸಿದರೆ ಅದರಲ್ಲಿ ಏನಪ್ಪಾ ಉಳಿಯುತ್ತೆ" ಎಂದಿದ್ದ ಮೈಸೂರಿನ ಟಾಂಗಾದವರೇ ಈಗ ಎರಡು ಸಿವುಡು ಕೇಳಿಕೊಂಡು ಬರುತ್ತಾರೆ.

ಮೊದಲ ವರ್ಷ ನಾನೂ ಅಗ್ಗ ಅಂತ ಒಂದು ಲೋಡ್ ಭತ್ತದ ಹುಲ್ಲು ತಂದಿದ್ದೆ. ಎಂಟೊಂಬತ್ತು ಸಾವಿರ ಆಗಿತ್ತು. ಹಸುವಿಗೆ ಸರಿ, ಕುದುರೆಗೆ ಅಲ್ಲ. ಮಾರ್ಚ್‌ನಲ್ಲಿ ಒಂದು ರಾತ್ರಿ ದೊಡ್ಡದು ಮುಂಗಾಲಲ್ಲಿ ನೆಲ ಕೆರೆಯುತ್ತಿತ್ತು, ತಿರುತಿರುಗಿ ಹೊಟ್ಟೆ ನೋಡಿಕೊಳ್ಳುತ್ತಿತ್ತು. ಲದ್ದಿ ಬಂದಿರಲಿಲ್ಲ. ಡಾಕ್ಟರು ಮೂಗಿನಿಂದ ನಳಿಕೆ ಇಳಿಸಿ ಪ್ಯಾರಾಫಿನ್ ಎಣ್ಣೆ ಹಾಕಿದರು. ಬೆಳಗಿನ ಜಾವ ಲದ್ದಿ ಹಾಕಿದಾಗ ನನಗೆ ಜೀವ ಬಂತು. ಆರು ಸಾವಿರ ಹೋಯಿತು. ಆಮೇಲೆ ಹಸಿ ಕುದುರೆ ಮೆಂತ್ಯ (ಲೂಸರ್ನ್ ಮೇವು), ಹುರುಳಿ ಅಂತ ಸುರಿದೆ. ಆ ಬೇಸಿಗೆಗೆ ಸುಮಾರು 45 ಸಾವಿರ.

ಎರಡನೇ ವರ್ಷ ಗರಿಕೆ ಒಣಗಿಸಿದೆ, ಅವಸರದಲ್ಲಿ ಬಣವೆ ಒಟ್ಟಿದೆ. ಹದಿನೈದು ದಿನಕ್ಕೆ ಒಳಗೆ ಕೈ ಹಾಕಿದರೆ ಬೆಚ್ಚಗೆ, ಹಿರಿದರೆ ಬಿಳಿ ಬೂಸ್ಟಿನ ಪುಡಿ ಹಾರಿತು. ಚಿಕ್ಕದಕ್ಕೆ ಕೆಮ್ಮು ಹಿಡಿಯಿತು. ಅರ್ಧ ಬಣವೆ ತಿಪ್ಪೆಗೆ ಹೋಯಿತು.

ಈಗ ಹೀಗೆ ಮಾಡುತ್ತೇನೆ. ದೀಪಾವಳಿ ಕಳೆದ ಮೇಲೆ, ಹೂ ಬಿಡಲು ಶುರುವಾದ ಗರಿಕೆ ಮಾತ್ರ. ಬೀಜ ಕಟ್ಟಿದ್ದನ್ನು ಮುಟ್ಟಲ್ಲ. ಇಬ್ಬನಿ ಆರಿದ ಮೇಲೆ ಕೊಯ್ದು ತೆಳ್ಳಗೆ ಹರಡಿ, ದಿನಕ್ಕೆ ಎರಡು ಸಲ ತಿರುವುತ್ತೇನೆ. ಸಂಜೆ ಗುಡ್ಡೆ ಮಾಡಿ ಟಾರ್ಪಾಲ್ ಹೊದಿಸಲೇಬೇಕು. ಮೂರನೇ ದಿನ ಉಪ್ಪಿನ ಪರೀಕ್ಷೆ: ಹುಲ್ಲನ್ನು ಸಣ್ಣಗೆ ಕತ್ತರಿಸಿ, ಒಂದು ಹಿಡಿ ಗಾಜಿನ ಬಾಟಲಿಗೆ ಹಾಕಿ, ಹುರಿದು ಆರಿಸಿದ ಪುಡಿ ಉಪ್ಪು ಎರಡು ಚಮಚ ಸೇರಿಸಿ ಚೆನ್ನಾಗಿ ಅಲ್ಲಾಡಿಸಿ. ಉಪ್ಪು ಉದುರುದುರಾಗಿದ್ದರೆ ಬಣವೆಗೆ ಹಾಕಬಹುದು. ಗಂಟು ಕಟ್ಟಿದರೆ ಇನ್ನೊಂದು ದಿನ ಬಿಸಿಲು. ಬಣವೆ ಒಟ್ಟುವಾಗ ನಡುವೆ ಒಂದು ಕೆಲಸ ಮಾಡುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಯಾವ ನಾಲೆ ಏರಿಯಲ್ಲಿ ಕೊಯ್ಯುತ್ತೇನೆ ಅನ್ನುವುದನ್ನೂ ಹೇಳಲ್ಲ. ಔಷಧಿ ಹೊಡೆದ ಏರಿಯನ್ನಂತೂ ಮುಟ್ಟಬೇಡಿ.

ಮಧ್ಯೆ ಟ್ರೇನಲ್ಲಿ ಮುಸುಕಿನ ಜೋಳದ ಮೊಳಕೆ ಬೆಳೆಸಿಯೂ ನೋಡಿದೆ. ಕುದುರೆ ಆಸೆಯಿಂದ ತಿಂದಿತು, ಆದರೆ ಬರೀ ನೀರು, ಅದಕ್ಕೂ ಬೂಸ್ಟು. ಆರು ವಾರಕ್ಕೆ ಬಿಟ್ಟೆ. ಐದು ಗುಂಟೆಯಲ್ಲಿ ರೋಡ್ಸ್ ಅನ್ನುವ ಮೇವಿನ ಹುಲ್ಲು ಹಾಕಿದ್ದೇನೆ, ಅದು ಚೆನ್ನಾಗಿ ಬರುತ್ತಿದೆ.

ಹತ್ತು ಕೆಜಿ ಹಸಿ ಗರಿಕೆಗೆ ಮೂರು ಕೆಜಿ ಒಣ ಹುಲ್ಲು ಸಿಗುತ್ತದೆ. ನನ್ನವು ಮುನ್ನೂರು ಕೆಜಿ ತೂಗುವ ಕುದುರೆ, ಒಂದಕ್ಕೆ ದಿನಕ್ಕೆ ಆರು ಕೆಜಿ. ಐದು ತಿಂಗಳಿಗೆ ಕೊಯ್ಲು, ಆಟೋ ಎಲ್ಲ ಸೇರಿ 20 ಸಾವಿರದ ಹತ್ತಿರ ಬಂತು. ಹುರುಳಿ ಅರ್ಧಕ್ಕೆ ಇಳಿಸಿದೆ, ಕುದುರೆ ಮೆಂತ್ಯ ದಿನಕ್ಕೆ ಒಂದೇ ಹಿಡಿ. ಹೊಸ ಹುಲ್ಲಿಗೆ ಬದಲಾಯಿಸುವಾಗ ಮಾತ್ರ ಹತ್ತು ದಿನ ಹಳೆಯದರ ಜೊತೆ ಬೆರೆಸಿಯೇ ಹಾಕುತ್ತೇನೆ. ಆ ಮಾರ್ಚ್ ರಾತ್ರಿ ಇನ್ನೂ ಮರೆತಿಲ್ಲ.